ಇ-ಮೇಲ್ ಪತ್ರವ್ಯವಹಾರದ ಸರಣಿಯನ್ನು ಏಜೆಂಟ್ ತಂತ್ರಾಂಶದ ಮೂಲಕ ಹಿಂಪಡೆಯುವುದು: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ವಿವಿಧ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರು ಸರ್ಕಾರಿ ಕಚೇರಿಗಳೊಂದಿಗೆ ನಡೆಸುವ ಪತ್ರವ್ಯವಹಾರದ ಗಣನೀಯ ಭಾಗವು ಇ-ಮೇಲ್ ಮೂಲಕ ನಡೆಯುತ್ತಿದೆ. ಅರ್ಜಿ, ಸ್ವೀಕೃತಿ, ಕೊರತೆ ದಾಖಲೆಗಳ ಬಗ್ಗೆ ಸೂಚನೆ, ಹಿಂಬರಹ, ಅಂತಿಮ ಆದೇಶ ಇವೆಲ್ಲವೂ ಬೇರೆ ಬೇರೆ ದಿನಗಳಲ್ಲಿ, ಕೆಲವೊಮ್ಮೆ ಬೇರೆ ಬೇರೆ ವಿಳಾಸಗಳಿಂದ ಅರ್ಜಿದಾರರ ಅಂಚೆಪೆಟ್ಟಿಗೆಗೆ ಬಂದು ಸೇರುತ್ತವೆ. ಮೇಲ್ಮನವಿ ಸಲ್ಲಿಸುವ ಸಂದರ್ಭ ಬಂದಾಗ ಇವುಗಳನ್ನು ಕ್ರಮವಾಗಿ ಒಟ್ಟುಗೂಡಿಸುವುದು ಅನಿವಾರ್ಯವಾಗುತ್ತದೆ.

ಈ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯನ್ನು ಆಧರಿಸಿದ ಏಜೆಂಟ್ ತಂತ್ರಾಂಶಗಳನ್ನು ಬಳಸುವುದು ಈಗ ರೂಢಿಗೆ ಬರುತ್ತಿದೆ. ಅಂತಹ ತಂತ್ರಾಂಶವು ಪತ್ರಗಳನ್ನು ಹೇಗೆ ಹುಡುಕುತ್ತದೆ, ಯಾವ ಸಂದರ್ಭಗಳಲ್ಲಿ ಪತ್ರವನ್ನು ಕಾಣದೆ ಬಿಡುತ್ತದೆ ಮತ್ತು ಅದು ನೀಡಿದ ವರದಿಯನ್ನು ಅವಲಂಬಿಸುವ ಮುನ್ನ ಅರ್ಜಿದಾರರು ಏನನ್ನು ಪರಿಶೀಲಿಸಿಕೊಳ್ಳತಕ್ಕದ್ದು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. “ಉತ್ತರ ಬಂದಿಲ್ಲ” ಎಂಬ ಏಜೆಂಟ್‌ನ ವರದಿಗೆ “ಹುಡುಕಿದ ಕಡೆಯಲ್ಲಿ ಉತ್ತರ ಸಿಗಲಿಲ್ಲ” ಎಂಬುದಷ್ಟೇ ಅರ್ಥ. ಈ ವ್ಯತ್ಯಾಸವನ್ನು ಗಮನಿಸದಿದ್ದಲ್ಲಿ ಮೇಲ್ಮನವಿಯ ಕಾಲಮಿತಿ ಮೀರಿಹೋಗುವ ಸಂಭವವಿರುತ್ತದೆ.

2. ಈ ಪುಟದಲ್ಲಿ ಬಳಸಿರುವ ಪದಗಳು

(ಅ) ಸಂವಾದ ಸರಣಿ ಅಥವಾ ಥ್ರೆಡ್: ಒಂದು ಇ-ಮೇಲ್ ಪತ್ರ, ಅದಕ್ಕೆ ಬಂದ ಉತ್ತರ, ಆ ಉತ್ತರಕ್ಕೆ ನೀಡಿದ ಪ್ರತ್ಯುತ್ತರ ಹೀಗೆ ಒಂದಕ್ಕೊಂದು ಸಂಬಂಧಿಸಿದ ಪತ್ರಗಳ ಗುಂಪು.

(ಆ) ಏಜೆಂಟ್: ಬಳಕೆದಾರರು ಸಾಮಾನ್ಯ ಭಾಷೆಯಲ್ಲಿ ನೀಡಿದ ಸೂಚನೆಯನ್ನು ಅರ್ಥೈಸಿಕೊಂಡು, ತನಗೆ ಒದಗಿಸಿರುವ ಸಾಧನಗಳನ್ನು ತಾನೇ ಆಯ್ಕೆ ಮಾಡಿ ಬಳಸಿ ಕೆಲಸ ಪೂರೈಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶ.

(ಇ) ಸಾಧನ ಅಥವಾ ಟೂಲ್: ಏಜೆಂಟ್‌ನ ಕೋರಿಕೆಯ ಮೇರೆಗೆ ಅಂಚೆಪೆಟ್ಟಿಗೆಯಿಂದ ಪತ್ರಗಳನ್ನು ತಂದುಕೊಡುವ ಸೀಮಿತ ಕಾರ್ಯಕ್ರಮ. ಏಜೆಂಟ್ ನೇರವಾಗಿ ಅಂಚೆಪೆಟ್ಟಿಗೆಯನ್ನು ನೋಡುವುದಿಲ್ಲ. ಸಾಧನ ತಂದುಕೊಟ್ಟದ್ದನ್ನು ಮಾತ್ರ ಓದುತ್ತದೆ.

(ಈ) ಶಿರೋಭಾಗ ಅಥವಾ ಹೆಡರ್: ಪತ್ರದ ಒಕ್ಕಣೆಗಿಂತ ಮೇಲಿರುವ, ಕಳುಹಿಸಿದವರು, ಪಡೆದವರು, ದಿನಾಂಕ, ವಿಷಯ ಮುಂತಾದ ವಿವರಗಳು. ಇವುಗಳಲ್ಲಿ ಕೆಲವು ಸಾಮಾನ್ಯವಾಗಿ ಪರದೆಯ ಮೇಲೆ ಕಾಣುವುದಿಲ್ಲ.

3. ಪತ್ರಗಳು ಸರಣಿಯಾಗಿ ಜೋಡಣೆಯಾಗುವ ಕ್ರಮ

ಸರ್ಕಾರಿ ಪತ್ರದ ನಮೂನೆಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಚೇರಿಯಿಂದ ಹೊರಡುವ ಪ್ರತಿ ಪತ್ರಕ್ಕೂ ಒಂದು ಸಂಖ್ಯೆ ಇರುತ್ತದೆ. ಪತ್ರದ ಆರಂಭದಲ್ಲಿ “ವಿಷಯ” ಮತ್ತು “ಉಲ್ಲೇಖ” ಎಂಬ ಎರಡು ಸಾಲುಗಳಿರುತ್ತವೆ. ಉಲ್ಲೇಖದಲ್ಲಿ ಹಿಂದಿನ ಪತ್ರಗಳ ಸಂಖ್ಯೆ ಮತ್ತು ದಿನಾಂಕವನ್ನು ಕಾಣಿಸಲಾಗುತ್ತದೆ. ಉಲ್ಲೇಖ ಸರಿಯಾಗಿದ್ದಲ್ಲಿ ಪತ್ರವು ಸಂಬಂಧಪಟ್ಟ ಕಡತಕ್ಕೆ ಸೇರುತ್ತದೆ. ಉಲ್ಲೇಖವಿಲ್ಲದ ಪತ್ರಕ್ಕೆ ಹೊಸ ಕಡತ ತೆರೆಯುವ ಸಂಭವವಿರುತ್ತದೆ.

ಇ-ಮೇಲ್ ವ್ಯವಸ್ಥೆಯಲ್ಲಿಯೂ ಇದೇ ಕ್ರಮವಿದೆ. ಇ-ಮೇಲ್ ಪತ್ರದ ನಮೂನೆಯನ್ನು 2008ರಲ್ಲಿ ಪ್ರಕಟವಾದ ಆರ್.ಎಫ್.ಸಿ. 5322 ಎಂಬ ಅಂತರಜಾಲ ಮಾನಕವು ನಿಗದಿಪಡಿಸುತ್ತದೆ. ಅದರಂತೆ:

- ಮೆಸೇಜ್-ಐಡಿ: ಪ್ರತಿ ಪತ್ರಕ್ಕೆ ನೀಡಲಾಗುವ, ಮತ್ತೊಂದು ಪತ್ರಕ್ಕೆ ಇರಬಾರದ ಗುರುತು. ಇದು ಪತ್ರ ಸಂಖ್ಯೆಗೆ ಸಮಾನ.
- ಇನ್-ರಿಪ್ಲೈ-ಟು: ಯಾವ ಪತ್ರಕ್ಕೆ ಉತ್ತರ ನೀಡಲಾಗುತ್ತಿದೆಯೋ ಆ ಪತ್ರದ ಗುರುತು.
- ರೆಫರೆನ್ಸಸ್: ಸರಣಿಯಲ್ಲಿನ ಹಿಂದಿನ ಪತ್ರಗಳ ಗುರುತುಗಳ ಪಟ್ಟಿ. ಇದು ಉಲ್ಲೇಖಕ್ಕೆ ಸಮಾನ.
- ಸಬ್ಜೆಕ್ಟ್: ವಿಷಯ.

ಬಳಕೆದಾರರು “ಉತ್ತರಿಸಿ” ಎಂಬ ಗುಂಡಿಯನ್ನು ಒತ್ತಿದಾಗ ಮಾತ್ರ ಇನ್-ರಿಪ್ಲೈ-ಟು ಮತ್ತು ರೆಫರೆನ್ಸಸ್ ಸಾಲುಗಳು ತಾವಾಗಿಯೇ ಭರ್ತಿಯಾಗುತ್ತವೆ. “ಹೊಸ ಪತ್ರ” ತೆರೆದು ಅದೇ ವಿಷಯವನ್ನು ಬರೆದು ಕಳುಹಿಸಿದಲ್ಲಿ ಇವು ಖಾಲಿಯಾಗಿರುತ್ತವೆ.

ಸರಣಿ ಜೋಡಿಸುವ ವಿಧಾನವು ಎಲ್ಲ ಅಂಚೆ ವ್ಯವಸ್ಥೆಗಳಲ್ಲಿ ಒಂದೇ ತೆರನಾಗಿರುವುದಿಲ್ಲ. 2008ರಲ್ಲಿ ಪ್ರಕಟವಾದ ಆರ್.ಎಫ್.ಸಿ. 5256 ಎಂಬ ಮಾನಕವು ಐಮ್ಯಾಪ್ ಸರ್ವರ್‌ಗಳಿಗಾಗಿ ಎರಡು ವಿಧಾನಗಳನ್ನು ತಿಳಿಸುತ್ತದೆ: ಒಂದು ಕೇವಲ ವಿಷಯ ಮತ್ತು ದಿನಾಂಕವನ್ನು ಆಧರಿಸಿದ್ದು, ಮತ್ತೊಂದು ಉಲ್ಲೇಖಗಳನ್ನು ಆಧರಿಸಿದ್ದು. 2004ರಲ್ಲಿ ಆರಂಭವಾದ ಜಿಮೇಲ್ ಸೇವೆಯಲ್ಲಿ ಪತ್ರದ ವಿಷಯ ಬದಲಾದಲ್ಲಿ ಅಥವಾ ಸರಣಿಯಲ್ಲಿನ ಪತ್ರಗಳ ಸಂಖ್ಯೆ 100ನ್ನು ಮೀರಿದಲ್ಲಿ ಹೊಸ ಸರಣಿ ಆರಂಭವಾಗುತ್ತದೆ. ಆದ್ದರಿಂದ ಒಂದೇ ಅರ್ಜಿಗೆ ಸಂಬಂಧಿಸಿದ ಪತ್ರಗಳು ಎರಡು ಮೂರು ಸರಣಿಗಳಲ್ಲಿ ಹಂಚಿಹೋಗಿರುವುದು ಅಸಹಜವೇನಲ್ಲ.

4. ಏಜೆಂಟ್ ಸರಣಿಯನ್ನು ಹಿಂಪಡೆಯುವ ಹಂತಗಳು

ಏಜೆಂಟ್ ಮತ್ತು ಅಂಚೆಪೆಟ್ಟಿಗೆಯ ನಡುವಿನ ಸಂಪರ್ಕಕ್ಕೆ ಅಂಚೆ ಸೇವೆಯು ಒದಗಿಸುವ ಎ.ಪಿ.ಐ. ಎಂಬ ದ್ವಾರವನ್ನು ಬಳಸಲಾಗುತ್ತದೆ. ಜಿಮೇಲ್ ಸೇವೆಯು ಇಂತಹ ದ್ವಾರವನ್ನು 2014ರಲ್ಲಿ ಒದಗಿಸಿತು. ಯಾವುದೇ ಸೇವೆಗೆ ಸೀಮಿತವಾಗದ ಜೆಮ್ಯಾಪ್ ಎಂಬ ಮಾನಕವು 2019ರಲ್ಲಿ ಪ್ರಕಟವಾಗಿದ್ದು, ಅದರಲ್ಲಿ ಸಂವಾದ ಸರಣಿಯನ್ನು ಪ್ರತ್ಯೇಕ ಘಟಕವಾಗಿಯೇ ಪರಿಗಣಿಸಲಾಗಿದೆ. ಏಜೆಂಟ್‌ಗಳಿಗೆ ಸಾಧನಗಳನ್ನು ಜೋಡಿಸುವ ಸಾಮಾನ್ಯ ವಿಧಾನವಾಗಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ವ್ಯವಸ್ಥೆಯನ್ನು ಆಂಥ್ರೋಪಿಕ್ ಸಂಸ್ಥೆಯು 2024ರ ನವೆಂಬರ್‌ನಲ್ಲಿ ಪ್ರಕಟಿಸಿತು.

ಸಾಮಾನ್ಯವಾಗಿ ಕೆಲಸವು ಕೆಳಕಂಡ ಹಂತಗಳಲ್ಲಿ ನಡೆಯುತ್ತದೆ.

ಹಂತ 1 – ಶೋಧನೆ: ಅರ್ಜಿದಾರರ ಸೂಚನೆಯಿಂದ ಏಜೆಂಟ್ ಕೆಲವು ಶೋಧಪದಗಳನ್ನು ಆಯ್ದುಕೊಂಡು ಸಾಧನಕ್ಕೆ ನೀಡುತ್ತದೆ. ಸಾಧನವು ಹೊಂದಿಕೆಯಾಗುವ ಸರಣಿಗಳ ಗುರುತುಗಳ ಪಟ್ಟಿಯನ್ನು ನೀಡುತ್ತದೆ. ಜಿಮೇಲ್ ಎ.ಪಿ.ಐ.ನಲ್ಲಿ ಈ ಪಟ್ಟಿಯು ಬೇರೆ ಸೂಚನೆ ಇಲ್ಲದಿದ್ದಲ್ಲಿ ಒಂದು ಬಾರಿಗೆ 100ಕ್ಕೆ, ಗರಿಷ್ಠ 500ಕ್ಕೆ ಸೀಮಿತವಾಗಿರುತ್ತದೆ. ಉಳಿದವುಗಳಿಗೆ ಮುಂದಿನ ಪುಟವನ್ನು ಪ್ರತ್ಯೇಕವಾಗಿ ಕೋರಬೇಕಾಗುತ್ತದೆ.

ಹಂತ 2 – ಸರಣಿಯನ್ನು ತರುವುದು: ಗುರುತನ್ನು ನೀಡಿದಾಗ ಆ ಸರಣಿಯಲ್ಲಿರುವ ಪತ್ರಗಳು ದೊರೆಯುತ್ತವೆ. ಪೂರ್ಣ ಒಕ್ಕಣೆಯನ್ನು ಅಥವಾ ಶಿರೋಭಾಗವನ್ನು ಮಾತ್ರ ಕೋರಲು ಅವಕಾಶವಿರುತ್ತದೆ. ಸಾಧನವು ಶಿರೋಭಾಗವನ್ನು ಮಾತ್ರ ತಂದಿದ್ದಲ್ಲಿ ಏಜೆಂಟ್ ಪತ್ರದ ಒಕ್ಕಣೆಯನ್ನು ಓದಿರುವುದೇ ಇಲ್ಲ ಎಂಬುದನ್ನು ಗಮನಿಸತಕ್ಕದ್ದು.

ಹಂತ 3 – ಲಗತ್ತುಗಳು: ಲಗತ್ತಿಸಿದ ಕಡತಗಳನ್ನು ಪ್ರತ್ಯೇಕವಾಗಿ ತರಬೇಕಾಗುತ್ತದೆ. ಸಾಧನದಲ್ಲಿ ಈ ಸೌಲಭ್ಯ ಇಲ್ಲದಿದ್ದಲ್ಲಿ ಏಜೆಂಟ್‌ಗೆ ಲಗತ್ತಿನ ಹೆಸರು ಮಾತ್ರ ತಿಳಿಯುತ್ತದೆ. ಅದರಲ್ಲಿರುವ ಆದೇಶ ತಿಳಿಯುವುದಿಲ್ಲ.

ಹಂತ 4 – ಓದಿ ಸಾರಾಂಶ ನೀಡುವುದು: ಏಜೆಂಟ್ ಒಂದು ಬಾರಿಗೆ ಓದಬಲ್ಲ ಪಠ್ಯಕ್ಕೆ ಮಿತಿ ಇದೆ. ಪ್ರತಿ ಉತ್ತರದ ಕೆಳಗೂ ಹಿಂದಿನ ಪತ್ರಗಳ ಒಕ್ಕಣೆ ಪುನರಾವರ್ತನೆಯಾಗುವುದರಿಂದ ಉದ್ದವಾದ ಸರಣಿಯು ಈ ಮಿತಿಯನ್ನು ಬೇಗನೆ ತಲುಪುತ್ತದೆ. ಆಗ ಕೆಲವು ಸಾಧನಗಳು ಪಠ್ಯವನ್ನು ಮೊಟಕುಗೊಳಿಸುತ್ತವೆ.

5. ಸರಣಿಯಿಂದ ಪತ್ರ ತಪ್ಪಿಹೋಗುವ ಸಂದರ್ಭಗಳು

5.1 ಬೇರೆ ವಿಳಾಸದಿಂದ ಬಂದ ಉತ್ತರ. ಅರ್ಜಿಯನ್ನು ಕಚೇರಿಯ ಸಾಮಾನ್ಯ ವಿಳಾಸಕ್ಕೆ ಕಳುಹಿಸಿ, ಉತ್ತರವು ಸಂಬಂಧಪಟ್ಟ ಅಧಿಕಾರಿಯ ವಿಳಾಸದಿಂದ, ಕಡತ ಸಂಖ್ಯೆಯನ್ನೇ ವಿಷಯವಾಗಿ ಹೊಂದಿ ಹೊಸ ಪತ್ರವಾಗಿ ಬರಬಹುದು. ತಂತ್ರಾಂಶದ ದೃಷ್ಟಿಯಲ್ಲಿ ಇದು ಬೇರೊಂದು ಸರಣಿ.

5.2 ಸ್ವಯಂಚಾಲಿತ ಪತ್ರಗಳು. ಅರ್ಜಿ ಸ್ವೀಕೃತಿ, ಅರ್ಜಿಯ ಸ್ಥಿತಿ ಮುಂತಾದವುಗಳನ್ನು ಗಣಕಯಂತ್ರವೇ ಕಳುಹಿಸಿದಾಗ, ಅವು ಅರ್ಜಿದಾರರ ಪತ್ರಕ್ಕೆ ಉತ್ತರವಾಗಿ ಜೋಡಣೆಯಾಗದೇ ಇರಬಹುದು.

5.3 ಅನಪೇಕ್ಷಿತ ಪತ್ರಗಳ ವಿಭಾಗ. ಸ್ಪ್ಯಾಮ್ ಮತ್ತು ಕಸದ ಬುಟ್ಟಿಗೆ ಹೋದ ಪತ್ರಗಳನ್ನು ಜಿಮೇಲ್ ಎ.ಪಿ.ಐ. ವಿಶೇಷವಾಗಿ ಕೋರದ ಹೊರತು ಶೋಧನೆಯ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಜಿಮೇಲ್‌ನಲ್ಲಿ ಈ ಎರಡೂ ವಿಭಾಗಗಳಲ್ಲಿನ ಪತ್ರಗಳು 30 ದಿನಗಳ ನಂತರ ಶಾಶ್ವತವಾಗಿ ಅಳಿಸಿಹೋಗುತ್ತವೆ. ಆದ್ದರಿಂದ ಈ ವಿಭಾಗಗಳನ್ನು ಮೊದಲು ನೋಡತಕ್ಕದ್ದು.

5.4 ಸ್ಕ್ಯಾನ್ ಮಾಡಿದ ಹಿಂಬರಹ. ಸಹಿ ಮತ್ತು ಮೊಹರು ಇರುವ ಪತ್ರವನ್ನು ಸ್ಕ್ಯಾನ್ ಮಾಡಿ ಪಿ.ಡಿ.ಎಫ್. ಕಡತವಾಗಿ ಲಗತ್ತಿಸುವುದು ಕಚೇರಿಗಳಲ್ಲಿ ವಾಡಿಕೆ. ಇಂತಹ ಕಡತದಲ್ಲಿ ಅಕ್ಷರಗಳಿರುವುದಿಲ್ಲ, ಚಿತ್ರ ಮಾತ್ರ ಇರುತ್ತದೆ. ಅಕ್ಷರ ಗುರುತಿಸುವ ಸೌಲಭ್ಯವಿಲ್ಲದ ಸಾಧನಕ್ಕೆ ಇದು ಖಾಲಿ ಹಾಳೆಗೆ ಸಮಾನ. “ಲಗತ್ತನ್ನು ನೋಡುವುದು” ಎಂಬ ಒಂದೇ ಸಾಲಿನ ಇ-ಮೇಲ್‌ನಿಂದ ಅರ್ಜಿ ತಿರಸ್ಕೃತವಾಗಿರುವುದು ಏಜೆಂಟ್‌ಗೆ ತಿಳಿಯುವುದಿಲ್ಲ.

5.5 ಕನ್ನಡ ಪಠ್ಯದ ಶೋಧನೆ. ಕನ್ನಡದಲ್ಲಿ ನಡೆದ ಪತ್ರವ್ಯವಹಾರಕ್ಕೆ ಸಂಬಂಧಿಸಿದಂತೆ ಕೆಳಕಂಡ ತೊಡಕುಗಳು ಎದುರಾಗಬಹುದು:

- ಯೂನಿಕೋಡ್‌ಗೆ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಕಡತಗಳಲ್ಲಿ ಕನ್ನಡ ಅಕ್ಷರಗಳ ಸ್ಥಾನದಲ್ಲಿ ಇತರೆ ಸಂಕೇತಗಳು ದಾಖಲಾಗಿರುತ್ತವೆ. ಅದೇ ಅಕ್ಷರವಿನ್ಯಾಸ ಇಲ್ಲದ ಗಣಕಯಂತ್ರದಲ್ಲಿ ಇವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಕನ್ನಡ ಪದವನ್ನು ನೀಡಿ ಹುಡುಕಿದಲ್ಲಿ ಇಂತಹ ಕಡತ ಸಿಗುವುದಿಲ್ಲ.
- ಪತ್ರದಲ್ಲಿ ೨೦೨೫ ಎಂದೂ ಶೋಧನೆಯಲ್ಲಿ 2025 ಎಂದೂ ಇದ್ದಲ್ಲಿ ಹೊಂದಿಕೆಯಾಗದೇ ಇರಬಹುದು.
- ಅರ್ಕಾವತ್ತು ಮುಂತಾದ ಕಡೆಗಳಲ್ಲಿ ಕಣ್ಣಿಗೆ ಕಾಣದ ಜೋಡಣಾ ಸಂಕೇತಗಳು ಸೇರಿರುವುದರಿಂದ, ನೋಡಲು ಒಂದೇ ಆಗಿರುವ ಎರಡು ಪದಗಳು ಗಣಕಯಂತ್ರಕ್ಕೆ ಬೇರೆ ಬೇರೆಯಾಗಿರಬಹುದು.
- ಅರ್ಜಿದಾರರ ಹೆಸರು, ಗ್ರಾಮದ ಹೆಸರು ಇವುಗಳನ್ನು ಒಂದು ಪತ್ರದಲ್ಲಿ ಕನ್ನಡದಲ್ಲಿಯೂ ಮತ್ತೊಂದರಲ್ಲಿ ಇಂಗ್ಲಿಷ್‌ನಲ್ಲಿಯೂ ಬರೆದಿರಬಹುದು.

ಈ ಕಾರಣಗಳಿಂದ ಹೆಸರು ಅಥವಾ ವಿಷಯಕ್ಕಿಂತ ಅರ್ಜಿ ಸಂಖ್ಯೆ, ಸಕಾಲ ಸ್ವೀಕೃತಿಯಲ್ಲಿನ ಜಿ.ಎಸ್.ಸಿ. ಸಂಖ್ಯೆ ಅಥವಾ ಕಡತ ಸಂಖ್ಯೆಯನ್ನು ನೀಡಿ ಹುಡುಕಿಸುವುದು ಹೆಚ್ಚು ವಿಶ್ವಾಸಾರ್ಹವಾಗಿರುತ್ತದೆ.

6. ಕಾಲಮಿತಿಯ ಮೇಲಾಗುವ ಪರಿಣಾಮ

6.1 ಮಾಹಿತಿ ಹಕ್ಕು ಅಧಿನಿಯಮ, 2005ರಂತೆ ಅರ್ಜಿ ಸ್ವೀಕರಿಸಿದ 30 ದಿನಗಳೊಳಗೆ ಸಾರ್ವಜನಿಕ ಮಾಹಿತಿ ಅಧಿಕಾರಿಯು ಮಾಹಿತಿ ನೀಡಬೇಕು ಅಥವಾ ಕಾರಣ ಸಹಿತ ತಿರಸ್ಕರಿಸಬೇಕು. ಮೊದಲ ಮೇಲ್ಮನವಿಯನ್ನು ಆ ಅವಧಿ ಮುಗಿದ ದಿನಾಂಕದಿಂದ ಅಥವಾ ನಿರ್ಣಯವನ್ನು ಸ್ವೀಕರಿಸಿದ ದಿನಾಂಕದಿಂದ 30 ದಿನಗಳೊಳಗೆ ಸಲ್ಲಿಸತಕ್ಕದ್ದು. ಎರಡನೇ ಮೇಲ್ಮನವಿಗೆ 90 ದಿನಗಳ ಅವಧಿ ಇದೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅಡಿಯಲ್ಲಿಯೂ ಅರ್ಜಿ ತಿರಸ್ಕೃತವಾದ ಅಥವಾ ನಿಗದಿತ ಕಾಲ ಮುಗಿದ ದಿನಾಂಕದಿಂದ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

6.2 ಉದಾಹರಣೆ. ಅರ್ಜಿದಾರರೊಬ್ಬರು ನಿಗದಿತ ಶುಲ್ಕದೊಂದಿಗೆ ಸಲ್ಲಿಸಿದ ಮಾಹಿತಿ ಹಕ್ಕು ಅರ್ಜಿಯು 3-3-2025ರಂದು ಕಚೇರಿಯಲ್ಲಿ ಸ್ವೀಕೃತವಾಯಿತು ಎಂದು ಭಾವಿಸೋಣ. 30 ದಿನಗಳ ಅವಧಿ 2-4-2025ಕ್ಕೆ ಮುಗಿಯುತ್ತದೆ. ಏಪ್ರಿಲ್ 20ರಂದು ಅರ್ಜಿದಾರರು ಏಜೆಂಟ್ ಮೂಲಕ ತಮ್ಮ ಅರ್ಜಿಯ ಸರಣಿಯನ್ನು ತರಿಸಿದಾಗ, ತಾವು ಕಳುಹಿಸಿದ ಪತ್ರ ಮತ್ತು ಒಂದು ಸ್ವೀಕೃತಿ ಮಾತ್ರ ದೊರೆತು “ಉತ್ತರ ಬಂದಿಲ್ಲ” ಎಂದು ವರದಿಯಾಗುತ್ತದೆ. ಅದನ್ನು ನಂಬಿ ಅವರು ಏಪ್ರಿಲ್ 2ರಿಂದ ಎಣಿಸಿ, ಮೇ 2ರವರೆಗೆ ಸಮಯವಿದೆ ಎಂದು ತಿಳಿದು ಏಪ್ರಿಲ್ 30ರಂದು ಮೇಲ್ಮನವಿ ಸಲ್ಲಿಸುತ್ತಾರೆ.

ವಾಸ್ತವದಲ್ಲಿ, ಮಾಹಿತಿಯನ್ನು ನಿರಾಕರಿಸಿದ ಹಿಂಬರಹವು 28-3-2025ರಂದೇ ಮತ್ತೊಂದು ವಿಳಾಸದಿಂದ, ಬೇರೆ ವಿಷಯದೊಂದಿಗೆ ಅವರ ಅಂಚೆಪೆಟ್ಟಿಗೆಗೆ ಬಂದಿರುತ್ತದೆ. ಆ ದಿನಾಂಕದಿಂದ ಎಣಿಸಿದಲ್ಲಿ 30 ದಿನಗಳ ಅವಧಿ 27-4-2025ಕ್ಕೆ ಮುಗಿದಿದ್ದು, ಮೇಲ್ಮನವಿಯು 3 ದಿನ ತಡವಾಗಿರುತ್ತದೆ. ಸಾಕಷ್ಟು ಕಾರಣವಿದ್ದಲ್ಲಿ ವಿಳಂಬವನ್ನು ಮನ್ನಿಸಿ ಮೊದಲ ಮೇಲ್ಮನವಿಯನ್ನು ಅಂಗೀಕರಿಸಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಅದು ಮೇಲ್ಮನವಿ ಅಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯವಾಗಿರುತ್ತದೆ. ಹಕ್ಕಾಗಿ ದೊರೆಯಬೇಕಾಗಿದ್ದುದನ್ನು ವಿನಂತಿಯಾಗಿ ಕೇಳುವ ಪರಿಸ್ಥಿತಿ ಅರ್ಜಿದಾರರಿಗೆ ಉಂಟಾಗುತ್ತದೆ.

6.3 ಸ್ವೀಕರಿಸಿದ ಸಮಯ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 13ರಂತೆ, ಉಭಯ ಪಕ್ಷಗಳ ನಡುವೆ ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ವಿದ್ಯುನ್ಮಾನ ದಾಖಲೆಯು ಪಡೆಯುವವರು ಗೊತ್ತುಪಡಿಸಿದ ಗಣಕ ವ್ಯವಸ್ಥೆಯನ್ನು ಪ್ರವೇಶಿಸಿದ ಸಮಯವೇ ಅದನ್ನು ಸ್ವೀಕರಿಸಿದ ಸಮಯವಾಗಿರುತ್ತದೆ. ಆದ್ದರಿಂದ ಅರ್ಜಿಯಲ್ಲಿ ಅರ್ಜಿದಾರರೇ ನೀಡಿದ ಇ-ಮೇಲ್ ವಿಳಾಸಕ್ಕೆ ಪತ್ರ ಬಂದಿದ್ದಲ್ಲಿ, ಅದನ್ನು ತೆರೆದು ಓದಿದ ದಿನದಿಂದ ಅವಧಿಯನ್ನು ಎಣಿಸುವುದು ಸುರಕ್ಷಿತವಲ್ಲ.

6.4 ಸಮಯದ ವ್ಯತ್ಯಾಸ. ಭಾರತೀಯ ಕಾಲಮಾನವು ಅಂತರರಾಷ್ಟ್ರೀಯ ಮಾನಕ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಸಾಧನಗಳು ಅಂತರರಾಷ್ಟ್ರೀಯ ಮಾನಕ ಸಮಯವನ್ನೇ ನೀಡುವುದುಂಟು. ಏಜೆಂಟ್‌ನ ವರದಿಯಲ್ಲಿ ಏಪ್ರಿಲ್ 30, 19 ಗಂಟೆ 10 ನಿಮಿಷ ಎಂದಿದ್ದು, ಅದು ಅಂತರರಾಷ್ಟ್ರೀಯ ಸಮಯವಾಗಿದ್ದಲ್ಲಿ, ಇಲ್ಲಿ ಆಗ ಮೇ 1ರ ಮಧ್ಯರಾತ್ರಿ ಕಳೆದು 40 ನಿಮಿಷವಾಗಿರುತ್ತದೆ. ಕೊನೆಯ ದಿನ ಕಳುಹಿಸಿದ ಪತ್ರಗಳ ವಿಷಯದಲ್ಲಿ ಇದು ನಿರ್ಣಾಯಕವಾಗಬಹುದು.

7. ಅರ್ಜಿದಾರರು ಅನುಸರಿಸಬೇಕಾದ ಕ್ರಮ

(1) ಕಚೇರಿಯಿಂದ ಬಂದ ಪತ್ರಕ್ಕೆ ಉತ್ತರ ಬರೆಯುವಾಗ “ಉತ್ತರಿಸಿ” ಗುಂಡಿಯನ್ನೇ ಬಳಸತಕ್ಕದ್ದು. ವಿಷಯದ ಸಾಲನ್ನು ಬದಲಾಯಿಸಬಾರದು.

(2) ಪ್ರತಿ ಪತ್ರದ ಒಕ್ಕಣೆಯಲ್ಲಿಯೂ ಅರ್ಜಿ ಸಂಖ್ಯೆ ಮತ್ತು ಹಿಂದಿನ ಪತ್ರದ ದಿನಾಂಕವನ್ನು ನಮೂದಿಸತಕ್ಕದ್ದು. ಸರಣಿ ಮುರಿದರೂ ಸಂಖ್ಯೆಯ ಮೂಲಕ ಪತ್ರ ಸಿಗುತ್ತದೆ.

(3) ಏಜೆಂಟ್‌ಗೆ ಸೂಚನೆ ನೀಡುವಾಗ ಸಾರಾಂಶವನ್ನು ಕೇಳುವ ಮೊದಲು ಪಟ್ಟಿಯನ್ನು ಕೇಳತಕ್ಕದ್ದು. ಸೂಚನೆಯ ಮಾದರಿ ಕೆಳಕಂಡಂತಿದೆ:

“ಈ ಅರ್ಜಿ ಸಂಖ್ಯೆ ಇರುವ ಎಲ್ಲ ಪತ್ರಗಳನ್ನು, ಸ್ಪ್ಯಾಮ್ ಮತ್ತು ಕಸದ ಬುಟ್ಟಿಯೂ ಸೇರಿದಂತೆ, ಎಲ್ಲ ಪುಟಗಳಲ್ಲಿ ಹುಡುಕುವುದು. ಈ ಕಚೇರಿಯ ಯಾವುದೇ ವಿಳಾಸದಿಂದ ಈ ದಿನಾಂಕದ ನಂತರ ಬಂದ ಪತ್ರಗಳನ್ನು ಪ್ರತ್ಯೇಕವಾಗಿ ಹುಡುಕುವುದು. ಪ್ರತಿ ಪತ್ರಕ್ಕೆ ಕ್ರಮ ಸಂಖ್ಯೆ, ಭಾರತೀಯ ಕಾಲಮಾನದಲ್ಲಿ ದಿನಾಂಕ ಮತ್ತು ಸಮಯ, ಕಳುಹಿಸಿದವರ ವಿಳಾಸ, ಪಡೆದವರ ವಿಳಾಸ, ವಿಷಯ, ಮೆಸೇಜ್-ಐಡಿ ಮತ್ತು ಲಗತ್ತುಗಳ ಹೆಸರನ್ನು ನೀಡುವುದು. ಓದಲು ಸಾಧ್ಯವಾಗದ ಲಗತ್ತುಗಳನ್ನು ಬೇರೆಯಾಗಿ ತಿಳಿಸುವುದು. ಬಳಸಿದ ಶೋಧಪದಗಳನ್ನು ಕೊನೆಯಲ್ಲಿ ತಿಳಿಸುವುದು.”

(4) ಪಟ್ಟಿಯಲ್ಲಿನ ಪತ್ರಗಳ ಸಂಖ್ಯೆಯನ್ನು ಅಂಚೆಪೆಟ್ಟಿಗೆಯಲ್ಲಿ ತಾವೇ ಹುಡುಕಿದಾಗ ದೊರೆಯುವ ಸಂಖ್ಯೆಯೊಂದಿಗೆ ತಾಳೆ ನೋಡತಕ್ಕದ್ದು. ವ್ಯತ್ಯಾಸ ಕಂಡುಬಂದಲ್ಲಿ ಪಟ್ಟಿಯನ್ನು ಅಪೂರ್ಣವೆಂದು ಪರಿಗಣಿಸತಕ್ಕದ್ದು.

(5) ಯಾವ ದಿನಾಂಕದಿಂದ ಕಾಲಮಿತಿಯನ್ನು ಎಣಿಸಲಾಗುತ್ತದೆಯೋ ಆ ಪತ್ರವನ್ನು ಮತ್ತು ಅದರ ಲಗತ್ತನ್ನು ಕಡ್ಡಾಯವಾಗಿ ತಾವೇ ತೆರೆದು ಓದತಕ್ಕದ್ದು. ಪತ್ರದ ಮೂಲರೂಪವನ್ನು ತೋರಿಸುವ ಸೌಲಭ್ಯದಲ್ಲಿ ಶಿರೋಭಾಗದ “ರಿಸೀವ್ಡ್” ಸಾಲುಗಳನ್ನು ನೋಡಬಹುದು. “ಡೇಟ್” ಸಾಲಿನಲ್ಲಿರುವುದು ಕಳುಹಿಸಿದವರ ಕಡೆಯಿಂದ ನಮೂದಾದ ಸಮಯ; “ರಿಸೀವ್ಡ್” ಸಾಲುಗಳು ಪತ್ರ ಹಾದುಬಂದ ಸರ್ವರ್‌ಗಳು ನಮೂದಿಸಿದ ಸಮಯ. ಪಡೆದವರ ಸರ್ವರ್‌ನ ಸಾಲು ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲಿರುತ್ತದೆ.

(6) ಮುಖ್ಯ ಪತ್ರಗಳನ್ನು ಇ.ಎಂ.ಎಲ್. ರೂಪದಲ್ಲಿ ಉಳಿಸಿಕೊಳ್ಳತಕ್ಕದ್ದು. ಈ ರೂಪದಲ್ಲಿ ಶಿರೋಭಾಗ ಮತ್ತು ಲಗತ್ತುಗಳು ಸಹ ಉಳಿಯುತ್ತವೆ. ಪರದೆಯ ಚಿತ್ರ ಅಥವಾ ಏಜೆಂಟ್‌ನ ಸಾರಾಂಶ ಇದಕ್ಕೆ ಬದಲಿಯಾಗುವುದಿಲ್ಲ.

8. ದಾಖಲೆಯಾಗಿ ಹಾಜರುಪಡಿಸುವುದು

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 4 ವಿದ್ಯುನ್ಮಾನ ದಾಖಲೆಗಳಿಗೆ ಕಾನೂನಿನ ಮಾನ್ಯತೆ ನೀಡುತ್ತದೆ. ಕಲಂ 7ರಂತೆ, ಕಾನೂನಿನ ಪ್ರಕಾರ ಉಳಿಸಿಕೊಳ್ಳಬೇಕಾದ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿ ಉಳಿಸಿಕೊಳ್ಳುವಾಗ ಅದರ ಮೂಲ ರೂಪ ಅಥವಾ ಅದನ್ನು ನಿಖರವಾಗಿ ಪ್ರತಿನಿಧಿಸುವ ರೂಪ ಇರಬೇಕು. ಹೊರಟ ಸ್ಥಳ, ತಲುಪಬೇಕಾದ ಸ್ಥಳ, ರವಾನೆಯ ಅಥವಾ ಸ್ವೀಕೃತಿಯ ದಿನಾಂಕ ಮತ್ತು ಸಮಯವನ್ನು ಗುರುತಿಸುವ ವಿವರಗಳೂ ಲಭ್ಯವಿರಬೇಕು. ಏಜೆಂಟ್ ಸಿದ್ಧಪಡಿಸಿದ ಸಾರಾಂಶದಲ್ಲಿ ಈ ವಿವರಗಳು ಪೂರ್ಣವಾಗಿ ಇರುವುದಿಲ್ಲ.

ನ್ಯಾಯಾಲಯದಲ್ಲಿ ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸುವುದಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63 ಅನ್ವಯವಾಗುತ್ತದೆ. ಇದು ದಿನಾಂಕ 1-7-2024ರಿಂದ ಜಾರಿಯಲ್ಲಿದ್ದು, 1872ರ ಅಧಿನಿಯಮದ ಕಲಂ 65-ಬಿಯ ಸ್ಥಾನದಲ್ಲಿ ಬಂದಿದೆ. ಈ ಕಲಮಿನಂತೆ ದಾಖಲೆಯೊಂದಿಗೆ ನಿಗದಿತ ನಮೂನೆಯ ಪ್ರಮಾಣಪತ್ರವನ್ನು ಲಗತ್ತಿಸಬೇಕಾಗಿದ್ದು, ನಮೂನೆಯಲ್ಲಿ ದಾಖಲೆಯ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗುತ್ತದೆ. ಹ್ಯಾಶ್ ಮೌಲ್ಯವೆಂದರೆ ಕಡತದ ಪ್ರತಿ ಅಕ್ಷರವನ್ನೂ ಆಧರಿಸಿ ಲೆಕ್ಕಹಾಕಿದ ಸಂಕೇತ. ಒಂದು ಅಕ್ಷರ ಬದಲಾದರೂ ಅದು ಬದಲಾಗುತ್ತದೆ. ಆದ್ದರಿಂದ ಮೂಲ ಕಡತವನ್ನು ಯಾವುದೇ ತಿದ್ದುಪಡಿ ಇಲ್ಲದೆ ಕಾಪಾಡಿಕೊಳ್ಳುವುದು ಅವಶ್ಯಕ.

9. ಅನುಮತಿ ಮತ್ತು ಸುರಕ್ಷತೆ

9.1 ಏಜೆಂಟ್‌ಗೆ ಅಂಚೆಪೆಟ್ಟಿಗೆಯ ಗುಪ್ತಪದವನ್ನು ಯಾವುದೇ ಕಾರಣಕ್ಕೂ ನೀಡಬಾರದು. ಓ-ಆಥ್ ಎಂಬ ವ್ಯವಸ್ಥೆಯ ಮೂಲಕ, ಅಂಚೆ ಸೇವೆಯ ಸ್ವಂತ ಪುಟದಲ್ಲಿಯೇ ಅನುಮತಿ ನೀಡುವ ಕ್ರಮವಿದೆ. ಇದರಲ್ಲಿ ಗುಪ್ತಪದವು ಏಜೆಂಟ್‌ಗೆ ತಿಳಿಯುವುದಿಲ್ಲ ಮತ್ತು ಅನುಮತಿಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು.

9.2 ಅನುಮತಿಗಳಲ್ಲಿ ಓದುವುದಕ್ಕೆ ಮಾತ್ರ, ಕಳುಹಿಸುವುದಕ್ಕೆ, ಬದಲಾಯಿಸುವುದಕ್ಕೆ, ಶಾಶ್ವತವಾಗಿ ಅಳಿಸುವುದೂ ಸೇರಿದ ಪೂರ್ಣ ಅಧಿಕಾರಕ್ಕೆ ಎಂಬ ಬಗೆಗಳಿವೆ. ಸರಣಿಯನ್ನು ಹಿಂಪಡೆಯಲು ಓದುವ ಅನುಮತಿ ಮಾತ್ರ ಸಾಕಾಗುತ್ತದೆ.

9.3 ಓದುವ ಅನುಮತಿಯು ಸಾಮಾನ್ಯವಾಗಿ ಒಂದು ಸರಣಿಗೆ ಸೀಮಿತವಾಗಿರುವುದಿಲ್ಲ. ಇಡೀ ಅಂಚೆಪೆಟ್ಟಿಗೆಗೆ ಅನ್ವಯವಾಗುತ್ತದೆ. ಬ್ಯಾಂಕ್ ಪತ್ರಗಳು, ಆಧಾರ್ ಪ್ರತಿಗಳು, ಒಂದು ಬಾರಿಯ ಗುಪ್ತಸಂಖ್ಯೆಗಳು ಸಹ ಅದರಲ್ಲಿ ಸೇರಿರುತ್ತವೆ. ಕೆಲಸ ಮುಗಿದ ಕೂಡಲೇ ಅನುಮತಿಯನ್ನು ರದ್ದುಪಡಿಸತಕ್ಕದ್ದು. ಸರ್ಕಾರಿ ಪತ್ರವ್ಯವಹಾರಕ್ಕೆ ಪ್ರತ್ಯೇಕ ಇ-ಮೇಲ್ ವಿಳಾಸವನ್ನು ಇಟ್ಟುಕೊಳ್ಳುವುದು ಉತ್ತಮ.

9.4 ಪತ್ರದೊಳಗಿನ ಸೂಚನೆಗಳು. ಅಪರಿಚಿತರು ಕಳುಹಿಸಿದ ಪತ್ರದಲ್ಲಿ ಏಜೆಂಟ್‌ಗೇ ಸಂಬೋಧಿಸಿದ ಸೂಚನೆಗಳನ್ನು, ಉದಾಹರಣೆಗೆ ಇತರೆ ಪತ್ರಗಳನ್ನು ಬೇರೊಂದು ವಿಳಾಸಕ್ಕೆ ಕಳುಹಿಸುವಂತೆ, ಕಣ್ಣಿಗೆ ಕಾಣದ ಬಣ್ಣದಲ್ಲಿ ಬರೆದಿರುವ ಸಾಧ್ಯತೆ ಇದೆ. ಓದಬೇಕಾದ ಪಠ್ಯ ಯಾವುದು, ಪಾಲಿಸಬೇಕಾದ ಆದೇಶ ಯಾವುದು ಎಂಬುದನ್ನು ಏಜೆಂಟ್ ಎಲ್ಲ ಸಂದರ್ಭಗಳಲ್ಲಿಯೂ ಬೇರ್ಪಡಿಸಲಾರದು. ಕಳುಹಿಸುವ ಅನುಮತಿಯನ್ನು ನೀಡದೇ ಇರುವುದು ಇದಕ್ಕೆ ಪ್ರಮುಖ ಮುನ್ನೆಚ್ಚರಿಕೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಏಜೆಂಟ್ ಬಳಸದೆ ಸರಣಿಯನ್ನು ಪಡೆಯಲು ಸಾಧ್ಯವೇ?
ಉತ್ತರ: ಸಾಧ್ಯ. ಅಂಚೆಪೆಟ್ಟಿಗೆಯ ಶೋಧ ಸ್ಥಳದಲ್ಲಿ ಅರ್ಜಿ ಸಂಖ್ಯೆಯನ್ನು ನೀಡಿ ಹುಡುಕಬಹುದು. ಪತ್ರಗಳು ಕೆಲವೇ ಇದ್ದಲ್ಲಿ ಇದೇ ಸೂಕ್ತ ಕ್ರಮ. ನೂರಾರು ಪತ್ರಗಳಿದ್ದಾಗ ಅಥವಾ ಹಲವು ವರ್ಷಗಳ ವ್ಯವಹಾರವಿದ್ದಾಗ ಏಜೆಂಟ್‌ನಿಂದ ಅನುಕೂಲವಾಗುತ್ತದೆ.

ಪ್ರಶ್ನೆ: ಅಳಿಸಿಹೋದ ಪತ್ರವನ್ನು ಏಜೆಂಟ್ ಮರಳಿ ತರುತ್ತದೆಯೇ?
ಉತ್ತರ: ಇಲ್ಲ. ಅಂಚೆಪೆಟ್ಟಿಗೆಯಲ್ಲಿ ಇಲ್ಲದಿರುವುದನ್ನು ಸಾಧನ ತರಲಾರದು. ಆದರೆ ನಂತರದ ಉತ್ತರಗಳ ಕೆಳಭಾಗದಲ್ಲಿ ಆ ಪತ್ರದ ಒಕ್ಕಣೆ ಉಳಿದಿರಬಹುದು. ಅದನ್ನು ಮೂಲ ಪತ್ರವೆಂದು ಪರಿಗಣಿಸಲಾಗದು.

ಪ್ರಶ್ನೆ: ಸರಣಿಯಲ್ಲಿ ಕಚೇರಿಯ ಪತ್ರ ಸಿಗದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಅರ್ಜಿ ಸಂಖ್ಯೆಯನ್ನು ನಮೂದಿಸಿ, ಯಾವ ದಿನಾಂಕದಂದು ಯಾವ ಇ-ಮೇಲ್ ವಿಳಾಸಕ್ಕೆ ಪತ್ರ ಕಳುಹಿಸಲಾಗಿದೆ ಎಂದು ಸಂಬಂಧಪಟ್ಟ ಕಚೇರಿಯನ್ನು ಲಿಖಿತವಾಗಿ ಕೇಳಬಹುದು. ಕಾಲಮಿತಿ ಮುಗಿಯುವ ಸಂಭವವಿದ್ದಲ್ಲಿ ಉತ್ತರಕ್ಕಾಗಿ ಕಾಯದೆ ಮೇಲ್ಮನವಿ ಸಲ್ಲಿಸುವುದು ಸೂಕ್ತ.

ಪ್ರಶ್ನೆ: ಏಜೆಂಟ್ ನೀಡಿದ ಪಟ್ಟಿಯನ್ನು ಮೇಲ್ಮನವಿಯೊಂದಿಗೆ ಲಗತ್ತಿಸಬಹುದೇ?
ಉತ್ತರ: ಅಧಿಕಾರಿಗಳ ಅನುಕೂಲಕ್ಕಾಗಿ ಅನುಕ್ರಮಣಿಕೆಯಂತೆ ಲಗತ್ತಿಸಬಹುದು. ಪಟ್ಟಿಯಲ್ಲಿ ಕಾಣಿಸಿದ ಪ್ರತಿ ಪತ್ರದ ಪೂರ್ಣ ಪ್ರತಿಯನ್ನು ಅದರ ಜೊತೆಗೆ ಇರಿಸತಕ್ಕದ್ದು.

ಪ್ರಶ್ನೆ: ಸೈಬರ್ ಕೇಂದ್ರದ ಗಣಕಯಂತ್ರದಲ್ಲಿ ಈ ಕೆಲಸ ಮಾಡಬಹುದೇ?
ಉತ್ತರ: ಅಂಚೆಪೆಟ್ಟಿಗೆಗೆ ಅನುಮತಿ ನೀಡುವ ಕೆಲಸವನ್ನು ಸಾರ್ವಜನಿಕ ಗಣಕಯಂತ್ರದಲ್ಲಿ ಮಾಡದಿರುವುದು ಒಳಿತು. ಅನಿವಾರ್ಯವಾದಲ್ಲಿ ಕೆಲಸ ಮುಗಿದ ನಂತರ ಅನುಮತಿಯನ್ನು ರದ್ದುಪಡಿಸಿ, ಖಾತೆಯಿಂದ ಹೊರಬಂದು, ಉಳಿಸಿದ ಕಡತಗಳನ್ನು ಅಲ್ಲಿಂದ ಅಳಿಸತಕ್ಕದ್ದು.

11. ಸೂಚನೆ

ಈ ಪುಟದಲ್ಲಿನ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ಯಾವುದೇ ನಿರ್ದಿಷ್ಟ ತಂತ್ರಾಂಶವನ್ನು ಅಥವಾ ಅಂಚೆ ಸೇವೆಯನ್ನು ಶಿಫಾರಸು ಮಾಡಲಾಗಿಲ್ಲ. ಕಾನೂನಿನ ಅರ್ಥ ವಿವರಣೆಯಲ್ಲಿ ಸಂದೇಹ ಉಂಟಾದಲ್ಲಿ ಮೂಲ ಅಧಿನಿಯಮದ ಪಠ್ಯವೇ ಅಂತಿಮವಾಗಿರುತ್ತದೆ. ಮೇಲ್ಮನವಿಯ ಕೊನೆಯ ದಿನಾಂಕವನ್ನು ಅರ್ಜಿದಾರರು ಮೂಲ ಪತ್ರವನ್ನು ನೋಡಿ ತಾವೇ ಲೆಕ್ಕಹಾಕಿಕೊಳ್ಳಬೇಕೆಂದು ಕೋರಲಾಗಿದೆ.